ಕಾಲೇಜು ನೋಡಲು ಹೋಗಿ ಟೆರೇಸ್ ಹತ್ತಿದ್ದು

1994ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು ಪಾಸಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದು ಬಿಟ್ಟವರೆಲ್ಲ ಮನೆಯ ಕಷ್ಟಕ್ಕೇ ಬಿಟ್ಟರು ಎಂದು ಜನ ತಿಳಿದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಚಿಕ್ಕಲಸಂದ್ರದಲ್ಲಿ ಆಗಿನ್ನೂ ನಮಗೆ ಎರಡು ಹಸು, ಸೊಪ್ಪು ಬೆಳೆಯುವಷ್ಟು ನೆಲ ಇತ್ತು. ಬೇಸಿಗೆ ರಜೆಯಲ್ಲಿ ಸುಮ್ಮನೆ ಕೂರಲಾರದೆ ಒಬ್ಬ ಮೇಸ್ತ್ರಿಯ ಹಿಂದೆ ಬನಶಂಕರಿ ಕಡೆ ತಾರಸಿ ಕೆಲಸಕ್ಕೆ ಹೋದೆ. ಶನಿವಾರ ಬಟವಾಡೆ ಕೈಗೆ ಬಂತು. ಜೂನ್‌ನಲ್ಲಿ ಸ್ಕೂಲು ಶುರುವಾದ ದಿನ ನಾನು ಜಯನಗರದ ಒಂದು ಮನೆಯ ಮೇಲಿದ್ದೆ. ಕೆಳಗೆ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಿದ್ದವರನ್ನು ನೋಡಿ ನಗು ಬಂತು. ನಮ್ಮಪ್ಪ ಎರಡು ದಿನ ಬೈದರು, ಮೂರನೇ ದಿನ ಸುಮ್ಮನಾದರು. ಹಾಗೆ ನನ್ನ ಓದು ಮುಗಿಯಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ.

ಅಲ್ಲಿಂದ ಇಲ್ಲಿಯವರೆಗೆ ನನ್ನದು ಒಂದೇ ಕೆಲಸ. ಸೋರುವ ಮನೆಗಳನ್ನು ಸೋರದ ಹಾಗೆ ಮಾಡುವುದು. ಜಯನಗರದ ಹಳೇ ಮನೆಗಳು, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳು, ಬಿಟಿಎಂ ಕಡೆಯ ಪೀಜಿಗಳು, ಎಲ್ಲದರ ನೆತ್ತಿಯೂ ನನಗೆ ಗೊತ್ತು. ಕೆಲಸ ಮುಗಿದ ಮೇಲೆ ನೀರು ಹೋಗುವ ಬಾಯಿಗಳನ್ನೆಲ್ಲ ಮುಚ್ಚಿ, ತಾರಸಿಯ ತುಂಬ ನೀರು ಕಟ್ಟಿ ಎರಡು ದಿನ ಬಿಡುತ್ತೇನೆ. ಮೂರನೇ ದಿನ ಕೆಳಗಿನ ರೂಮುಗಳಿಗೆ ಹೋಗಿ ಕತ್ತೆತ್ತಿ ನೋಡುತ್ತೇನೆ. ಎಲ್ಲೂ ಒಂದು ಹನಿ ಕಾಣದಿದ್ದರೆ ಮಾತ್ರ ಗ್ಯಾರಂಟಿ. ನೀರು ಕಟ್ಟುವುದಕ್ಕೆ ಒಪ್ಪದ ಮನೆಯ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಇದರಿಂದ ಕೆಲವು ಕೆಲಸ ತಪ್ಪಿಹೋಗಿವೆ. ಹೋದರೆ ಹೋಗಲಿ.

ನನಗೆ ಒಬ್ಬಳೇ ಮಗಳು. ಎರಡನೇ ಪಿಯುಸಿ ಮುಗಿಸಿ ಸಿಇಟಿ ಬರೆದು ಬಂದವಳು ಸಿವಿಲ್ ಇಂಜಿನಿಯರಿಂಗ್ ಓದುತ್ತೇನೆ ಎಂದಳು. ನನ್ನ ಹೆಂಡತಿ ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

“ಎಲ್ರೂ ಕಂಪ್ಯೂಟರ್ ಸೈನ್ಸ್ ಅಂತಿದಾರೆ. ನಿಂಗ್ಯಾಕೆ ಕಲ್ಲು ಮಣ್ಣು?”

“ಎಲ್ರೂ ಅಂತಿದಾರಲ್ಲ, ಅದಕ್ಕೇ,” ಎಂದಳು ಮಗಳು.

“ನೋಡ್ರೀ. ರಜಾ ಬಂದ್ರೆ ಸಾಕು, ಸೈಟ್‌ಗೆ ಕರ್ಕೊಂಡ್ ಹೋಗಿ ಹೋಗಿ ಅವಳ ತಲೆ ಕೆಡಿಸಿದ್ದು ನೀವೇ.”

ನನಗೂ ಇಷ್ಟವಿರಲಿಲ್ಲ. ಸಿವಿಲ್ ಇಂಜಿನಿಯರುಗಳನ್ನು ನಾನು ಮೂವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ನನ್ನ ಕೆಲಸಕ್ಕೆ ಸಹಿ ಹಾಕುವವರು ಅವರು. ಜೆ.ಪಿ. ನಗರದ ಒಂದು ಕಟ್ಟಡದಲ್ಲಿ ಆಗತಾನೇ ಕಾಲೇಜು ಮುಗಿಸಿ ಬಂದಿದ್ದ ಒಬ್ಬ ನನ್ನನ್ನು “ಏಯ್, ಬಾ ಇಲ್ಲಿ” ಎಂದು ಕರೆದ. ನಾನು ಬೇಡ ಎಂದ ಜಾಗದಲ್ಲೇ ಪೈಪ್ ಇಳಿಸಲು ತಾರಸಿಗೆ ತೂತು ಹೊಡೆಸಿದ. ಮಳೆಗಾಲದಲ್ಲಿ ಅಲ್ಲೇ ಸೋರಿದಾಗ ರಿಪೋರ್ಟಿನಲ್ಲಿ ನನ್ನ ಹೆಸರು ಬರೆದ. ಅಂಥ ಜನರ ನಡುವೆ ನನ್ನ ಮಗಳು ಬಿಸಿಲಲ್ಲಿ ನಿಂತು ಕೆಲಸ ಮಾಡುವುದು ನನಗೆ ಬೇಕಿರಲಿಲ್ಲ. ಅಲ್ಲದೆ ಅವಳು ಆರಿಸಿದ್ದ ಮೂರು ಕಾಲೇಜುಗಳಲ್ಲಿ ಎರಡು ಊರಿನ ಹೊರಗೆ. ಹಾಸ್ಟೆಲ್ಲಿನಲ್ಲೇ ಇರಬೇಕು.

ಈಗ ಸೀಟು ಕೊಡುವ ರೀತಿ ಹೀಗಿದೆ: ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬಬೇಕು. ಮೊದಲು ಹಾಕಿದ್ದು ಸಿಕ್ಕಿದರೆ ಅದೇ ಗಟ್ಟಿ. ಹಾಗಾಗಿ ಮೊದಲ ಸಾಲಿನಲ್ಲಿ ಏನು ಹಾಕುವುದು ಎನ್ನುವುದೇ ನಮ್ಮ ಮನೆಯ ಜಗಳ. ಅವಳಿಗೆ ನನ್ನ ಸಹಿಯೇನೂ ಬೇಕಿರಲಿಲ್ಲ. ಆದರೂ ಅಂದಳು: “ಅಪ್ಪ, ನೀನು ಹೂಂ ಅನ್ನದೆ ನಾನು ಹಾಕಲ್ಲ. ಆದ್ರೆ ಮೂರನ್ನೂ ಒಂದ್ಸಲ ನೋಡು. ನೋಡಿದ್ಮೇಲೆ ಬೇಡ ಅನ್ನು.”

“ಆಯ್ತು, ನಡಿ,” ಎಂದೆ. ಮೂರರಲ್ಲೂ ಏನಾದರೂ ಕೊರತೆ ತೋರಿಸಿ ವಾಪಸ್ ಕರೆದುಕೊಂಡು ಬರುವುದು ನನ್ನ ಲೆಕ್ಕ. ಕಟ್ಟಡದಲ್ಲಿ ಕೊರತೆ ಹುಡುಕುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೇ ತಿಂಗಳ ಒಂದು ಶುಕ್ರವಾರ ಬೆಳಗ್ಗೆ ನಮ್ಮ ವ್ಯಾನಿನಲ್ಲೇ ಹೊರಟೆವು. ಹಿಂದಿನ ದಿನ ಒಳಗಿದ್ದ ಡಬ್ಬಿ, ಬ್ರಶ್ಶು, ಚೀಲಗಳನ್ನು ಇಳಿಸಿ ತೊಳೆಸಿದ್ದೆ. ಕೆಮಿಕಲ್ ವಾಸನೆ ಮಾತ್ರ ಹೋಗಿರಲಿಲ್ಲ. ಎರಡು ಪಕ್ಕದಲ್ಲೂ “ಟೆರೇಸ್, ಟ್ಯಾಂಕ್, ಬಾತ್‌ರೂಮ್ ಸೋರಿಕೆ ನಿಲ್ಲಿಸಿಕೊಡಲಾಗುವುದು” ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ನನ್ನ ಹೆಂಡತಿ ಚಿತ್ರಾನ್ನದ ಡಬ್ಬಿ ಕೊಟ್ಟು, ಕಿಟಕಿಯಲ್ಲಿ ಬಗ್ಗಿ, “ಬರೀ ಗೋಡೆ ನೋಡ್ಕೊಂಡ್ ಬರ್ಬೇಡಿ, ಹಾಸ್ಟೆಲ್ ಊಟಾನೂ ನೋಡಿ” ಎಂದಳು.

ಮೊದಲನೇ ಕಾಲೇಜು ಕನಕಪುರ ರಸ್ತೆಯಲ್ಲೇ, ಮನೆಯಿಂದ ಮುಕ್ಕಾಲು ಗಂಟೆ. ಗಾಜಿನ ಕಟ್ಟಡ, ಒಳಗೆ ಏಸಿ. ಒಬ್ಬ ಹುಡುಗಿ ನಗುನಗುತ್ತ ಮಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದಳು. ನನ್ನ ಕಡೆಗೂ ತಿರುಗಿ ಏನೋ ಕೇಳಿದಳು. ಅರ್ಧ ಅರ್ಥವಾಯಿತು. ನಾನು ಏನು ಮಾಡುತ್ತೇನೆ ಎಂದು ಕೇಳುತ್ತಿದ್ದಾಳೆ.

“ಬಿಸಿನೆಸ್,” ಎಂದೆ.

ಮಗಳು ನನ್ನ ಮುಖ ನೋಡಿದಳು. ಎರಡನೆಯದು ಮಳವಳ್ಳಿಯಿಂದ ಮುಂದೆ. ಅಲ್ಲೂ ಅಷ್ಟೇ. ಮೆತ್ತನೆಯ ಕುರ್ಚಿ, ಮುಂದೆ ಗಾಜಿನ ಟೇಬಲ್ಲು. ನನ್ನ ಕೈಗಳನ್ನು ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಎದ್ದು ಹೋಗಿ ಸೀಲಿಂಗ್ ನೋಡಿದೆ, ಕಿಟಕಿಯ ಕಟ್ಟೆ ನೋಡಿದೆ, ಹಾಸ್ಟೆಲ್ಲಿನ ನಲ್ಲಿಗಳನ್ನೆಲ್ಲ ತಿರುಗಿಸಿ ಬಂದೆ. ವ್ಯಾನಿಗೆ ಬಂದ ಮೇಲೆ ಮಗಳು ಕೇಳಿದಳು.

“ಸೋರೋದು ನಿಲ್ಲಿಸ್ತೀನಿ ಅಂತ ಹೇಳಬಹುದಿತ್ತಲ್ಲಪ್ಪ.”

“ಅದೂ ಬಿಸಿನೆಸ್ಸೇ ತಾನೆ?”

“ಹೂಂ. ಬಿಸಿನೆಸ್‌ಮ್ಯಾನು. ನಲ್ಲಿ ತಿರುಗಿಸೋ ಬಿಸಿನೆಸ್‌ಮ್ಯಾನು.”

ಇಬ್ಬರೂ ನಕ್ಕೆವು. ಬನ್ನೂರಿನ ಹತ್ತಿರ ರಸ್ತೆ ಪಕ್ಕದಲ್ಲಿ ಮಾವಿನಹಣ್ಣು ತೆಗೆದುಕೊಂಡು, ವ್ಯಾನಿನ ಹಿಂದೆ ಕುಳಿತು ಮೊಣಕೈವರೆಗೆ ರಸ ಸೋರಿಸಿಕೊಂಡು ತಿಂದೆವು. ಅವಳು ಚಿಕ್ಕವಳಾಗಿದ್ದಾಗ ಬಿಟ್ಟರೆ ನಾವಿಬ್ಬರೇ ಹೀಗೆ ಒಂದು ಇಡೀ ದಿನ ಕಳೆದದ್ದಿಲ್ಲ. ರಾತ್ರಿ ಮೈಸೂರಿನಲ್ಲಿ ನನ್ನ ಹೆಂಡತಿಯ ಅಕ್ಕನ ಮನೆಯಲ್ಲಿ ಉಳಿದೆವು. ಎರಡು ಕಾಲೇಜಿಗೂ ನಾನು ಬೇಡ ಎಂದಾಗಿತ್ತು. ಒಂದರ ಗಾಜಿನ ಸಂದಿಯಲ್ಲಿ ಮಳೆನೀರು ನುಗ್ಗುತ್ತದೆ, ಇನ್ನೊಂದರ ಹಾಸ್ಟೆಲ್ಲಿನಲ್ಲಿ ನೀರಿನ ಒತ್ತಡ ಇಲ್ಲ. ಮಗಳು ವಾದ ಮಾಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮೂರನೆಯದು.

ಮೂರನೇ ಕಾಲೇಜು ಯಾವ ಊರಿನದು ಎಂದು ಬರೆಯುವುದಿಲ್ಲ. ಮೈಸೂರು ದಾಟಿದ ಮೇಲೆ ಹೈವೇ ಬಿಟ್ಟು ಒಳಗೆ ಹೋಗಬೇಕು, ಅಷ್ಟು ಸಾಕು. ಹಳೇ ಕಟ್ಟಡ, ದೊಡ್ಡ ದೊಡ್ಡ ಮರಗಳು. ಸಿವಿಲ್ ವಿಭಾಗದ ಮುಖ್ಯಸ್ಥರು, ಒಬ್ಬ ಮೇಡಂ, ಹನ್ನೊಂದು ಗಂಟೆಗೆ ಬರಲು ಹೇಳಿದ್ದರು. ಹನ್ನೆರಡಕ್ಕೆ ಅವರಿಗೆ ಪರೀಕ್ಷೆಯ ಡ್ಯೂಟಿ. ನಾವು ಹತ್ತು ನಿಮಿಷ ಮುಂಚೆಯೇ ಇದ್ದೆವು. ಮಗಳನ್ನು ಆಫೀಸಿನ ಮುಂದೆ ಇಳಿಸಿ, “ನೀನು ಒಳಗೆ ಕೂತಿರು, ಗಾಡಿ ನಿಲ್ಲಿಸಿ ಬರ್ತೀನಿ” ಎಂದೆ.

ಹಿಂಭಾಗದಲ್ಲಿ ವ್ಯಾನ್ ನಿಲ್ಲಿಸುತ್ತಿದ್ದಾಗ ವಾಚ್‌ಮನ್ ಓಡಿ ಬಂದ. ವ್ಯಾನಿನ ಮೇಲಿನ ಬರಹ ಓದಿದ.

“ಬಂದ್ರಾ? ಬೆಳಗ್ಗೆಯಿಂದ ಸೂಪರ್‌ವೈಸರ್ ಸಾರ್ ಕಾಯ್ತಾ ಇದಾರೆ. ಬನ್ನಿ ಬನ್ನಿ, ಮೆಟ್ಲು ಈ ಕಡೆ.”

ನಾನಲ್ಲ ಎಂದು ಹೇಳಬೇಕಿತ್ತು. ಮೂರು ಸೆಕೆಂಡಿನ ಮಾತು. ಹೇಳಲಿಲ್ಲ. ಐದೇ ನಿಮಿಷ, ನೋಡಿ ಬರೋಣ ಎಂದುಕೊಂಡೆ. ಅವನ ಹಿಂದೆ ಮೆಟ್ಟಿಲು ಹತ್ತುವಾಗ ನನ್ನ ಎದೆ ಹಗುರವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮೇಲೆ ಸೂಪರ್‌ವೈಸರ್ ನಿಂತಿದ್ದರು. ನನಗಿಂತ ದೊಡ್ಡವರು, ತಲೆಗೆ ಟವೆಲ್ ಸುತ್ತಿಕೊಂಡಿದ್ದರು. “ಬನ್ನಿ ಮೇಸ್ತ್ರಿ. ಮೂರು ವರ್ಷದಲ್ಲಿ ನಾಲ್ಕು ಜನ ಬಂದು ಬಳಿದು ಹೋದ್ರು. ಕೆಳಗೆ ಲ್ಯಾಬು. ಮಳೆ ಬಂದ್ರೆ ಮಿಷನ್ನುಗಳಿಗೆ ಪ್ಲಾಸ್ಟಿಕ್ ಹೊದಿಸ್ಬೇಕು,” ಎಂದರು.

ಆಮೇಲೆ ನನಗೆ ಹೊತ್ತು ತಿಳಿಯಲಿಲ್ಲ. ಬಂದವರೆಲ್ಲ ನಡುವೆ ಬಳಿದಿದ್ದರು, ಸೋರುತ್ತಿದ್ದದ್ದು ಅಂಚಿನಲ್ಲಿ. ತಾರಸಿಯೂ ಅದರ ಸುತ್ತಲಿನ ಗಿಡ್ಡ ಗೋಡೆಯೂ ಸೇರುವ ಮೂಲೆಯಲ್ಲಿ ಉದ್ದಕ್ಕೂ ಕೂದಲಿನಷ್ಟು ಬಿರುಕು. ಮಂಡಿಯೂರಿ, ಅವರ ಸುತ್ತಿಗೆ ಇಸಿದುಕೊಂಡು, ಅಡಿ ಅಡಿಗೆ ಬಡಿದು ಕೇಳುತ್ತ ಹೋದೆ. ಎಲ್ಲಿ ಟೊಳ್ಳು ಸದ್ದು ಬಂತೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿದೆ. ನೀರು ಹೋಗುವ ಬಾಯಿ ಒಂದು ಇಂಚು ಎತ್ತರದಲ್ಲಿದೆ ಎಂದು ದಾರ ಹಿಡಿದು ತೋರಿಸಿದೆ. ಸೂಪರ್‌ವೈಸರ್ “ಹೌದಲ್ವಾ, ಹೌದಲ್ವಾ” ಎನ್ನುತ್ತ ನನ್ನ ಹಿಂದೆಯೇ ಬರುತ್ತಿದ್ದರು. ಹಾಗೆ ಯಾರಾದರೂ ಹಿಂದೆ ಬಂದರೆ ನಾನು ಇನ್ನೂ ಎರಡು ಮಾತು ಹೆಚ್ಚಿಗೆ ಹೇಳುವವನು.

ಒಂದು ಮೂಲೆಗೆ ಬಂದಾಗ ಕೆಳಗೆ ನೋಡಿದೆ. ಅಂಗಳದ ಆಚೆ, ಆಫೀಸಿನ ಮೆಟ್ಟಿಲ ಮೇಲೆ ನನ್ನ ಮಗಳು ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಫೋನು. ನನ್ನ ಫೋನು ವ್ಯಾನಿನಲ್ಲಿತ್ತು. ಸೂಪರ್‌ವೈಸರ್ ಕೈಯ ಗಡಿಯಾರ ನೋಡಿದೆ. ಹನ್ನೆರಡೂ ಹತ್ತು.

“ಸಾರ್, ನಾನು ನೀವು ಕರೆಸಿದೋನಲ್ಲ. ಮಗಳ ಅಡ್ಮಿಷನ್‌ಗೆ ಬಂದಿರೋನು.”

ಅವರು ಬಾಯಿ ಬಿಟ್ಟುಕೊಂಡು ನೋಡಿದರು. “ಮತ್ತೆ ಮೇಲಕ್ಕೆ ಯಾಕೆ ಬಂದ್ರಿ?”

ಸುತ್ತಿಗೆ ಅವರ ಕೈಗೆ ಕೊಟ್ಟು ಇಳಿದೆ.

ಮಗಳು ನನ್ನ ಮಂಡಿಯ ಮೇಲಿನ ಧೂಳು ನೋಡಿದಳು. ವ್ಯಾನು ಗೇಟು ದಾಟಿದ ಮೇಲೆ ಶುರು ಮಾಡಿದಳು.

“ನಿಮ್ಮ ತಂದೆ ಎಲ್ಲಿ ಅಂದ್ರು ಮೇಡಂ. ಗಾಡಿ ನಿಲ್ಲಿಸ್ತಿದಾರೆ ಅಂದೆ. ಅವರು ಬರ್ಲಿ, ಇಬ್ರ ಜೊತೆನೂ ಮಾತಾಡ್ತೀನಿ, ಸಿವಿಲ್‌ಗೆ ಹುಡುಗಿ ಬಂದ್ರೆ ಅಪ್ಪಂದಿರಿಗೇ ಜಾಸ್ತಿ ಪ್ರಶ್ನೆ ಇರತ್ತೆ ಅಂದ್ರು. ಬೇರೆಯವರನ್ನ ಒಳಗೆ ಕರೆದ್ರು. ಆಮೇಲೆ ಮತ್ತೆ ಕೇಳಿದ್ರು. ಗಾಡಿ ನಿಲ್ಲಿಸ್ತಿದಾರೆ ಅಂತಾನೇ ಅಂದೆ. ಒಂದು ಗಂಟೆ ಗಾಡಿ ನಿಲ್ಲಿಸ್ತಾರಾಪ್ಪ ಯಾರಾದ್ರೂ?”

“ವಾಚ್‌ಮನ್ ತಪ್ಪು ತಿಳ್ಕೊಂಡ…”

“ವಾಚ್‌ಮನ್ ಕರೆದ್ರೆ ಹೋಗಿಬಿಡ್ತೀಯಾ? ನಾನಲ್ಲ ಅನ್ನೋಕೆ ಬಾಯಿರ್ಲಿಲ್ವಾ?”

ನಾನು ಗೇರ್ ಬದಲಾಯಿಸಿದೆ.

“ನಿಂಗೆ ಒಳಗೆ ಬಂದು ಕೂತ್ಕೊಳ್ಳೋಕೆ ಕಷ್ಟ. ನಿನ್ನೆ ಎರಡು ಕಡೆನೂ ನೋಡಿದೀನಿ. ಕೆಲಸಕ್ಕೆ ಅಂತ ಕರೆದ್ರೆ ಸಾಕು, ಓಡ್ತೀಯ.” ಕಿಟಕಿಯ ಕಡೆ ತಿರುಗಿ, ಧ್ವನಿ ಇಳಿಸಿ, “ಬಿಡಪ್ಪ. ಕಂಪ್ಯೂಟರ್ ಸೈನ್ಸೇ ಮೊದಲು ಹಾಕ್ತೀನಿ. ಮನೆ ಹತ್ರಾನೇ ಇರ್ತೀನಿ. ನಡಿ ಊರಿಗೆ,” ಎಂದಳು.

ನಾನು ಎರಡು ದಿನ ವ್ಯಾನ್ ಓಡಿಸಿದ್ದು ಈ ಮಾತಿಗಾಗಿಯೇ. ತಾನಾಗಿ ಕೈಗೆ ಬಂದಿತ್ತು. ಹೈವೇವರೆಗೆ ಓಡಿಸಿದೆ. ಅಲ್ಲಿ ಒಂದು ಟೀ ಅಂಗಡಿ, ಪಕ್ಕದಲ್ಲಿ ಹೊಂಗೆ ಮರ. ನೆರಳಿನಲ್ಲಿ ನಿಲ್ಲಿಸಿದೆ. ಚಿತ್ರಾನ್ನ ಹಿಂದಿನ ದಿನವೇ ಖಾಲಿಯಾಗಿತ್ತು. ಎರಡು ಬನ್ನು, ಎರಡು ಟೀ ತಂದೆ. ಅವಳು ಟೀ ಮಾತ್ರ ಕುಡಿದಳು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಯಾರೂ ನನ್ನ ತಪ್ಪನ್ನು ಇಷ್ಟು ಸರಿಯಾಗಿ, ಇಷ್ಟು ಬೇಗ ತೋರಿಸಿದ್ದಿಲ್ಲ. ಸಿಟ್ಟು ಬಂದಿತ್ತು. ಆದರೆ ಸುಳ್ಳು ಎಂದು ಹೇಳಲು ಏನೂ ಸಿಗಲಿಲ್ಲ. ನನಗಾಗಿ ಅವಳು ಎರಡು ಸಲ ಗಾಡಿ ನಿಲ್ಲಿಸುತ್ತಿದ್ದಾರೆ ಎಂದಿದ್ದಳು. ನಾನು ಎಲ್ಲಿಯೂ ಕೂರಲಾರದ ಮನುಷ್ಯ ಎನ್ನುವ ಕಾರಣಕ್ಕೆ ಅವಳು ಓದು ಬದಲಾಯಿಸುವುದು ಎಂದರೆ, ಅದು ನಾನು ಓದು ಬಿಟ್ಟದ್ದಕ್ಕಿಂತ ಕೆಟ್ಟದ್ದು. ನಾನು ಬಿಟ್ಟದ್ದು ನನ್ನ ಇಷ್ಟಕ್ಕೆ.

“ಆ ಮೇಡಂ ಡ್ಯೂಟಿ ಎಷ್ಟೊತ್ತಿಗೆ ಮುಗಿಯತ್ತೆ?”

“ಮೂರೂವರೆ. ಯಾಕೆ?”

ವ್ಯಾನ್ ತಿರುಗಿಸಿದೆ.

ಮೂರೂವರೆವರೆಗೂ ಪರೀಕ್ಷೆ ಹಾಲಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಅಷ್ಟರಲ್ಲಿ ಅವರು ನಿಜವಾಗಿ ಕರೆಸಿದ್ದ ಕಾಂಟ್ರಾಕ್ಟರೂ ಬಂದಿದ್ದ. ಸೂಪರ್‌ವೈಸರ್ ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತ ನನಗೆ ಕೈ ಎತ್ತಿ, “ನಿಮ್ಮ ಗುರುತು ಹಾಗೇ ಇದೆ ಮೇಸ್ತ್ರಿ, ಅದನ್ನೇ ತೋರಿಸ್ತೀನಿ” ಎಂದರು. ಮಗಳಿಗೆ ನಗು ಬಂತು, ಆದರೆ ನನಗೆ ಕಾಣಿಸಬಾರದೆಂದು ಮುಖ ತಿರುಗಿಸಿದಳು.

ಮೇಡಂ ಬಂದರು. ಐವತ್ತರ ಆಸುಪಾಸು, ಹತ್ತಿ ಸೀರೆ, ಕಾಲಲ್ಲಿ ಶೂ. ರೂಮಿಗೆ ಕರೆದರು. ಅಲ್ಲೂ ಕುರ್ಚಿ, ಟೇಬಲ್ಲು. ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ಕೈ ಎರಡನ್ನೂ ಟೇಬಲ್ಲಿನ ಮೇಲೆಯೇ ಇಟ್ಟೆ.

“ಮೇಡಂ, ಕನ್ನಡದಲ್ಲಿ ಹೇಳಿ. ನಾನು ಎಂಟನೇ ಕ್ಲಾಸು. ತಾರಸಿ ಸೋರೋದು ನಿಲ್ಲಿಸೋ ಕೆಲಸ. ಬೆಳಗ್ಗೆ ನೀವು ಕಾಯ್ತಿದ್ದಾಗ ನಿಮ್ಮ ತಾರಸಿ ಮೇಲೇ ಇದ್ದೆ. ತಪ್ಪಾಯ್ತು.”

“ನೀವೇನಾ ಅದು? ಆ ಕಡೆ ಲ್ಯಾಬಿನ ಮೇಲೆ ಟಕ ಟಕ ಅಂತಿತ್ತು, ಕೋತಿ ಅಂದ್ಕೊಂಡಿದ್ದೆ,” ಎಂದರು ಮೇಡಂ. “ಹೇಳಿ. ನಿಮ್ಮ ಪ್ರಶ್ನೆ ಏನು?”

ಕೇಳಿದೆ. ಹೆಣ್ಣುಮಕ್ಕಳನ್ನು ಸೈಟಿನಲ್ಲಿ ಏಯ್ ಎಂದು ಕರೆಯುತ್ತಾರಲ್ಲ, ಆಗ ಏನು ಮಾಡಬೇಕು? ಬಾತ್‌ರೂಮಿಗೆ ಎಲ್ಲಿಗೆ ಹೋಗಬೇಕು? ಕೆಲಸ ಕೆಟ್ಟರೆ ಯಾರ ಹೆಸರು ಬರೆಯುತ್ತಾರೆ?

ಅವರು ಚೆನ್ನಾಗಿರುವುದನ್ನಷ್ಟೇ ಹೇಳಲಿಲ್ಲ. “ನಮ್ಮ ಕಾಲದಲ್ಲಿ ಸೈಟಲ್ಲಿ ಬಾತ್‌ರೂಮ್ ಇರ್ತಿರ್ಲಿಲ್ಲ. ನಾನು ನೀರು ಕುಡೀದೆ ದಿನ ತಳ್ತಿದ್ದೆ, ಕಿಡ್ನೀಲಿ ಕಲ್ಲಾಯ್ತು. ಈಗ ನಮ್ಮ ಹುಡುಗೀರಿಗೆ ಮೊದಲ ದಿನವೇ ಹೇಳ್ಕೊಡ್ತೀನಿ, ಬಾತ್‌ರೂಮ್ ಇಲ್ಲದ ಸೈಟಿಗೆ ಟ್ರೇನಿಂಗ್‌ಗೆ ಹೋಗ್ಬೇಡಿ ಅಂತ. ಏಯ್ ಅನ್ನೋರು ಇರ್ತಾರೆ. ನಿಮ್ಮನ್ನೂ ಅಂದಿರ್ತಾರಲ್ವಾ? ನೀವು ಕೆಲಸ ಬಿಟ್ರಾ?”

“ಇಲ್ಲ.”

“ಸರಿ. ನಮ್ಮ ತಾರಸಿಗೆ ಏನಾಗಿದೆ?”

ಹೇಳಿದೆ. ಮೂಲೆಯ ಬಿರುಕು, ನಾಲ್ಕು ಜನ ನಡುವೆ ಬಳಿದದ್ದು, ಎಲ್ಲ.

“ಅಲ್ಲೇ ಯಾಕೆ ಬಿರುಕು ಬಿಡತ್ತೆ?” ನನ್ನನ್ನು ಪರೀಕ್ಷೆ ಮಾಡಲು ಕೇಳಿದ್ದಲ್ಲ, ಮೇಷ್ಟ್ರ ಅಭ್ಯಾಸ.

“ಬಿಡತ್ತೆ ಮೇಡಂ. ಎಲ್ಲ ಮನೆಯಲ್ಲೂ ಅಲ್ಲೇ ಬಿಡತ್ತೆ. ಅದಕ್ಕೇ ನಾನು ಮೂಲೆಯನ್ನ ದುಂಡಗೆ ತುಂಬ್ತೀನಿ.”

ಮೇಡಂ ಮಗಳ ಕಡೆ ನೋಡಿದರು. ಅವಳು ನನ್ನ ಕಡೆ ಒಮ್ಮೆ ನೋಡಿ, ಹೇಳಿದಳು.

“ತಾರಸಿಗೆ ಇಡೀ ದಿನ ನೆತ್ತಿ ಮೇಲೆ ಬಿಸಿಲು. ಜಾಸ್ತಿ ಹಿಗ್ಗತ್ತೆ. ಗೋಡೆಗೆ ಒಂದು ಕಡೆ ಬಿಸಿಲು, ಒಂದು ಕಡೆ ನೆರಳು. ಅಷ್ಟು ಹಿಗ್ಗಲ್ಲ. ರಾತ್ರಿ ಎರಡೂ ಕುಗ್ಗತ್ತೆ, ಬೇರೆ ಬೇರೆ ಅಳತೇಲಿ. ಸೇರೋ ಜಾಗ ದಿನಾ ಎಳೆದಾಡಿ ಎಳೆದಾಡಿ ಬಿಟ್ಕೊಳ್ಳತ್ತೆ. ಅಪ್ಪ ದುಂಡಗೆ ತುಂಬೋದ್ರಿಂದ ಎಳೆತ ಒಂದೇ ಗೆರೆ ಮೇಲೆ ಬೀಳಲ್ಲ, ಹಂಚಿಕೊಳ್ಳತ್ತೆ. ಅದಕ್ಕೇ ಅವರು ಮಾಡಿದ್ದು ನಿಲ್ಲತ್ತೆ.”

ಮೇಡಂ ಏನೂ ಹೊಗಳಲಿಲ್ಲ. ತಲೆಯಾಡಿಸಿ, ಲ್ಯಾಬ್ ತೋರಿಸಲು ಎದ್ದರು. ನಾನು ಎದ್ದ ಮೇಲೂ ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದೆ. ಮೂವತ್ತು ವರ್ಷ ನನ್ನ ಕೈ ಮಾಡಿದ ಕೆಲಸಕ್ಕೆ ಒಂದು ಕಾರಣ ಇತ್ತು. ಅದು ನನ್ನ ಮನೆಯಲ್ಲೇ, ಪಕ್ಕದ ರೂಮಿನಲ್ಲಿ ಇತ್ತು.

ವಾಪಸ್ ಬರುವಾಗ ಮದ್ದೂರು ದಾಟಿದ ಮೇಲೆ ಕೇಳಿದೆ. “ನಿಂಗೆ ಇದು ಯಾವಾಗಿಂದ ಗೊತ್ತು?”

“ಹೈಸ್ಕೂಲಿಂದ.”

“ಒಂದಿನಾನೂ ಹೇಳ್ಲಿಲ್ವಲ್ಲೇ.”

“ನೀನು ಯಾವತ್ತು ಯಾರನ್ನ ಏನು ಕೇಳಿದೀಯ?” ಎಂದಳು. ಆಮೇಲೆ, “ಮಧ್ಯಾಹ್ನ ಹಾಗೆ ಅನ್ನಬಾರದಿತ್ತು,” ಎಂದಳು.

“ಅಂದಿದ್ದು ಸರಿಯಾಗೇ ಇತ್ತು. ಬನ್ ಇದೆ ನೋಡು ಹಿಂದೆ, ತಿನ್ನು.”

ಸಿಇಟಿ ರಿಸಲ್ಟ್ ಬಂದ ಮೇಲೆ ಪದ್ಮನಾಭನಗರದ ಒಂದು ಸೈಬರ್ ಅಂಗಡಿಯಲ್ಲಿ ಪಟ್ಟಿ ತುಂಬಲು ಕುಳಿತೆವು. ನನ್ನ ಹೆಂಡತಿಯೂ ಬಂದಿದ್ದಳು. “ಕೊನೇ ಸಲ ಕೇಳ್ತೀನಿ, ಕಂಪ್ಯೂಟರ್ ಹಾಕಿದ್ರೆ ಏನು ಕಳ್ಕೋತೀಯ?” ಎಂದಳು. ಮಗಳು ನನ್ನ ಕಡೆ ನೋಡಿದಳು. ನಾನು ಸ್ಕ್ರೀನಿನ ಮೇಲೆ ಬೆರಳಿಟ್ಟು, “ಮೂರನೇ ಕಾಲೇಜು, ಸಿವಿಲ್. ಮೊದಲ ಸಾಲು,” ಎಂದೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಹಾಸ್ಟೆಲ್ಲಿಗೆ ಬೇಕಾದ ಬಕೆಟ್ಟು, ಬೆಡ್‌ಶೀಟು ತರಲು ಜಯನಗರ ಫೋರ್ತ್ ಬ್ಲಾಕಿಗೆ ನನ್ನನ್ನೇ ಕರೆದುಕೊಂಡು ಹೋದಳು.

ಆ ತಾರಸಿಯ ಕೆಲಸ ಆ ಇನ್ನೊಬ್ಬ ಕಾಂಟ್ರಾಕ್ಟರಿಗೇ ಹೋಯಿತು. ಮಗಳನ್ನು ಕಾಲೇಜಿಗೆ ಸೇರಿಸಲು ಹೋದ ದಿನ ಮೇಲೆ ಹತ್ತಿ ನೋಡಿದೆ. ಈ ಸಲ ಸೂಪರ್‌ವೈಸರನ್ನು ಕೇಳಿಯೇ ಹತ್ತಿದೆ. ಪರವಾಗಿಲ್ಲ, ಮೂಲೆಗಳನ್ನು ದುಂಡಗೇ ತುಂಬಿದ್ದಾನೆ. ನೀರು ಕಟ್ಟಿ ನೋಡಿದನೋ ಇಲ್ಲವೋ, ಕೇಳಲಿಲ್ಲ.

ಈಗ ನನಗಿರುವುದು ಇಷ್ಟು. ಚಿಕ್ಕಲಸಂದ್ರದಲ್ಲಿ ಒಂದು ಮನೆ. ಒಂದು ವ್ಯಾನು. ಕೆಲಸಕ್ಕೆ ಆರು ಜನ, ಅವರಲ್ಲಿ ನಾಲ್ವರು ಹತ್ತು ವರ್ಷಕ್ಕಿಂತ ಹಳಬರು. ಹೆಂಡತಿ. ಮೂರನೇ ಸೆಮಿಸ್ಟರಿನಲ್ಲಿ ಸಿವಿಲ್ ಓದುತ್ತಿರುವ ಒಬ್ಬಳು ಮಗಳು, ಎಲ್ಲ ಸಬ್ಜೆಕ್ಟೂ ಪಾಸು. ಅವಳನ್ನು ಕೇಳಬೇಕೆಂದು ನಾನು ಬರೆದಿಟ್ಟುಕೊಂಡಿರುವ ಪ್ರಶ್ನೆಗಳು ಹನ್ನೊಂದು.